ನೀರಗಂಟಿ ಅಜ್ಜನ ಬಳಿ ಐದು ತಿಂಗಳು: ಕೆರೆ ಏರಿಯ ಮೇಲೆ ಕಲಿತದ್ದನ್ನು ವರದಿಯಲ್ಲಿ ಹೇಗೆ ಬರೆಯಲಿ?

ಏರಿದಾರಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಭೌತಶಾಸ್ತ್ರ, ಗಣಿತ ಓದುತ್ತಿರುವ ಬಿ.ಎಸ್‌ಸಿ. ವಿದ್ಯಾರ್ಥಿನಿ. ಊರು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಹಳ್ಳಿ. ಕಾಲೇಜಿನಲ್ಲಿ ಕಿರು ಯೋಜನೆಗೆ ‘ಸ್ಥಳೀಯ ಜಲಮೂಲ’ ಎಂಬ ವಿಷಯ ಕೊಟ್ಟಿದ್ದರು. ಊರ ಕೆರೆಗೆ ಮೂರು ಸಲ ಹೋಗಿ, ನಾಲ್ಕು ಫೋಟೊ ತೆಗೆದು, ಇಪ್ಪತ್ತು ಪುಟ ಬರೆದು ಮುಗಿಸೋಣ ಎಂದುಕೊಂಡಿದ್ದೆ. ಸೆಪ್ಟೆಂಬರಿನಲ್ಲಿ ಉತ್ತರೆ ಮಳೆ ಹಿಡಿದಾಗ ಮೊದಲ ಸಲ ಹೋದವಳು ಈ ಫೆಬ್ರವರಿಯಲ್ಲೂ ಹೋಗುತ್ತಲೇ ಇದ್ದೇನೆ. ಹಾಗಾಗಲು ಕಾರಣ ನಮ್ಮ ಕೆರೆಯ ನೀರಗಂಟಿ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕೆರೆಯ ತೂಬು (ನೀರು ಹೊರಬಿಡುವ ಕಿಂಡಿ) ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನ (ಕೆರೆಯ ನೀರುಣ್ಣುವ ಭೂಮಿಯ) ಒಂದೊಂದು ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿ (ಕೆರೆಯ ಮಣ್ಣಿನ ಕಟ್ಟೆ) ಕಾಯುವುದು, ಇವೆಲ್ಲ ನೀರಗಂಟಿಯ ಕೆಲಸ. ನಮ್ಮ ಸುತ್ತಲಿನ ಹೆಚ್ಚಿನ ಊರುಗಳಲ್ಲಿ ಈಗ ಆ ಕೆಲಸ ಮಾಡುವವರಿಲ್ಲ. ನಮ್ಮ ಊರಿನಲ್ಲಿ ಒಬ್ಬ ಅಜ್ಜ ಇದ್ದಾರೆ. ಎಪ್ಪತ್ತು ದಾಟಿದೆ.

ಮೊದಲ ದಿನ ನನ್ನ ಪ್ರಶ್ನಾವಳಿ ಹಿಡಿದುಕೊಂಡು ಹೋಗಿ, “ಕೆರೆಯ ವಿಸ್ತೀರ್ಣ ಎಷ್ಟು?” ಎಂದು ಕೇಳಿದೆ. ಅಜ್ಜ ಉತ್ತರ ಹೇಳಲಿಲ್ಲ. “ಕೆರೆ ನೋಡಬೇಕಾದರೆ ನೀರು ಬರುವ ಕಡೆಯಿಂದ ಬರಬೇಕು” ಎಂದು ಹೇಳಿ ರಾಜಕಾಲುವೆಗುಂಟ ನಡೆಸಿಕೊಂಡು ಹೊರಟರು. ಮೇಲಿನ ಊರಿನ ಕೆರೆಯ ಕೋಡಿಯಿಂದ (ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗ) ನಮ್ಮ ಕೆರೆಯವರೆಗೆ ಸುಮಾರು ಮೂರು ಕಿಲೋಮೀಟರ್. ಕಾಲುವೆಯಲ್ಲಿ ಮೊಣಕಾಲಿನವರೆಗೆ ನೀರಿತ್ತು. ಒಂದು ಕಡೆ ನಿಂತು ಬೊಗಸೆಯಲ್ಲಿ ನೀರು ತೆಗೆದು ತೋರಿಸಿದರು. ಕೆಂಪಗಿತ್ತು. ಐವತ್ತು ಹೆಜ್ಜೆ ಮೇಲೆ ಹೋಗಿ ಮತ್ತೆ ತೆಗೆದರು. ಅಷ್ಟು ಕೆಂಪಿರಲಿಲ್ಲ. ನಡುವೆ ಬಲಗಡೆಯಿಂದ ಒಂದು ಸಣ್ಣ ಹಳ್ಳ ಬಂದು ಸೇರುತ್ತಿತ್ತು. “ಆ ದಿಣ್ಣೆಯ ಮೇಲೆ ಯಾರೋ ಹೊಸದಾಗಿ ನೆಲ ಅಗೆದಿದ್ದಾರೆ. ಇನ್ನು ಮೂರು ಮಳೆ ಬಂದರೆ ಅಲ್ಲಿನ ಮಣ್ಣು ನಮ್ಮ ಕೆರೆಯಲ್ಲಿರುತ್ತದೆ” ಎಂದರು. ಹತ್ತಿ ನೋಡಿದೆವು. ಬಡಾವಣೆಗೆಂದು ನೆಲ ಸಮ ಮಾಡಿ ಕಲ್ಲು ನೆಟ್ಟಿದ್ದರು. ಹೂಳು ತುಂಬುವುದನ್ನು ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿದ್ದೆ. ಅದು ಎಲ್ಲಿ ಹುಟ್ಟುತ್ತದೆ ಎಂದು ಕಣ್ಣಾರೆ ಕಂಡದ್ದು ಅವತ್ತೇ.

ಇನ್ನು ತೂಬಿನ ವಿಷಯ. ಈ ಚರ್ಚೆ ತೆರೆಯಲು ಮುಖ್ಯ ಕಾರಣವೇ ಇದು. ನಮ್ಮದು ಹಳೆಯ ಕಲ್ಲಿನ ತೂಬು. ನೀರೊಳಗೆ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡ ಹಾಸುಗಲ್ಲುಗಳು, ಅವುಗಳ ತೂತಿನ ಮೂಲಕ ಕೆಳಗಿಳಿಯುವ ಒಂದು ಉದ್ದನೆಯ ಮರದ ಕೋಲು. ಕೋಲಿನ ತುದಿಯ ಬಿರಡೆ ತಳದ ಕಲ್ಲಿನ ರಂಧ್ರವನ್ನು ಮುಚ್ಚುತ್ತದೆ. ಕೋಲಿನ ಮೈಗೆ ಸಾಲಾಗಿ ತೂತುಗಳಿವೆ. ಎಷ್ಟು ಎತ್ತಬೇಕೋ ಅಷ್ಟು ಎತ್ತಿ ಆ ತೂತಿಗೆ ಕಬ್ಬಿಣದ ಚಿಲಕ ಹಾಕುತ್ತಾರೆ.

ನವೆಂಬರ್ ಮಧ್ಯದಲ್ಲಿ ತೂಬು ಎತ್ತಿದಾಗ ಅಜ್ಜ ಒಂದು ಎಕರೆಗೆ ಮೂರು ಗಳಿಗೆ ನೀರು ಕೊಡುತ್ತಿದ್ದರು. ಅವರು ಈಗ ನೋಡುವುದು ಮೊಬೈಲಿನ ಗಡಿಯಾರವನ್ನೇ, ಆದರೆ ಲೆಕ್ಕ ಮಾತ್ರ ಗಳಿಗೆಯಲ್ಲಿ. ಒಂದು ಗಳಿಗೆ ಎಂದರೆ 24 ನಿಮಿಷ. ಜನವರಿ ಕೊನೆಯಲ್ಲಿ ಅದೇ ಒಂದು ಎಕರೆಗೆ ಐದೂವರೆ ಗಳಿಗೆ ಕೊಡುತ್ತಿದ್ದರು. ಯಾಕೆ ಎಂದು ಕೇಳಿದಾಗ, “ನೀರು ಮೇಲಿದ್ದಾಗ ಒದ್ದುಕೊಂಡು ಬರುತ್ತದೆ, ಇಳಿದ ಮೇಲೆ ನಡೆದುಕೊಂಡು ಬರುತ್ತದೆ” ಎಂದರು. ಸಾಮಾನ್ಯವಾಗಿ ಅವರು ಕೋಲನ್ನು ಇನ್ನೊಂದು ತೂತು ಮೇಲೆತ್ತಿ ಸರಿದೂಗಿಸುತ್ತಾರಂತೆ. ನಾನು ಅಳೆಯುತ್ತಿದ್ದೇನೆಂದು ಈ ಸಲ ಚಿಲಕವನ್ನು ಅದೇ ತೂತಿನಲ್ಲಿ ಬಿಟ್ಟು, ಗಳಿಗೆಯನ್ನು ಮಾತ್ರ ಹೆಚ್ಚಿಸಿದರು.

ನಾನು ಅಳೆದದ್ದು ಹೀಗೆ. ತೂಬಿನ ಕಾಲುವೆಯಲ್ಲಿ ನೇರವಾಗಿರುವ, ಕಲ್ಲು ಕಟ್ಟಿದ 10 ಮೀಟರ್ ಜಾಗವನ್ನು ಗುರುತು ಮಾಡಿದೆ. ಅಗಲ 60 ಸೆಂ.ಮೀ. ಹೊಂಗೆ ಕಾಯಿಯೊಂದನ್ನು ತೇಲಿಬಿಟ್ಟು ಹಾಯುವ ಸಮಯ ನೋಡಿದೆ. ಮೇಲ್ಮೈ ನೀರು ಒಳಗಿನ ನೀರಿಗಿಂತ ವೇಗವಾಗಿ ಹೋಗುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಿದೆ. ನವೆಂಬರಿನಲ್ಲಿ ತೂಬಿನ ಬಾಯಿಯ ಮೇಲೆ 2.4 ಮೀಟರ್ ನೀರಿದ್ದಾಗ ಕಾಲುವೆಯ ಆಳ 24 ಸೆಂ.ಮೀ., ಕಾಯಿ ಹಾಯಲು 17 ಸೆಕೆಂಡ್. ಅಂದರೆ ಸೆಕೆಂಡಿಗೆ ಸುಮಾರು 72 ಲೀಟರ್. ಜನವರಿಯಲ್ಲಿ ಮೇಲಿನ ನೀರು 0.6 ಮೀಟರಿಗೆ ಇಳಿದಾಗ ಆಳ 17 ಸೆಂ.ಮೀ., ಸಮಯ 22 ಸೆಕೆಂಡ್. ಸೆಕೆಂಡಿಗೆ ಸುಮಾರು 39 ಲೀಟರ್.

ಟೊರಿಸೆಲ್ಲಿ ನಿಯಮದ ಪ್ರಕಾರ ರಂಧ್ರದಿಂದ ಹೊರಬೀಳುವ ನೀರಿನ ವೇಗ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಎತ್ತರ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಹರಿವು ಅರ್ಧಕ್ಕೆ ಇಳಿಯಬೇಕು, ಅಂದರೆ 36 ಲೀಟರ್. ನನಗೆ ಸಿಕ್ಕಿದ್ದು 39. ಇಷ್ಟಾದರೂ ನಾನು ಇದನ್ನು ‘ಪ್ರಯೋಗ ಯಶಸ್ವಿ’ ಎಂದು ಬರೆದು ಮುಗಿಸುತ್ತಿದ್ದೆನೇನೋ. ರಾತ್ರಿ ಕುಳಿತು ಅಜ್ಜನ ಗಳಿಗೆಯೊಂದಿಗೆ ಗುಣಿಸಿ ನೋಡಿದೆ. ಮೂರು ಗಳಿಗೆಗೆ 72 ಲೀಟರಿನಂತೆ 3.11 ಲಕ್ಷ ಲೀಟರ್. ಐದೂವರೆ ಗಳಿಗೆಗೆ 39 ಲೀಟರಿನಂತೆ 3.09 ಲಕ್ಷ ಲೀಟರ್. ಒಂದು ಎಕರೆಯ ಮೇಲೆ ಹರಡಿದರೆ ಎರಡೂ 7.6ರಿಂದ 7.7 ಸೆಂ.ಮೀ. ಮರುದಿನ ಬೆಳಿಗ್ಗೆ ಓಡಿ ಹೋಗಿ, “ಅಜ್ಜ, ಗದ್ದೆಗೆ ಎಷ್ಟು ನೀರು ನಿಲ್ಲಬೇಕು?” ಎಂದು ಕೇಳಿದೆ. ಅವರು ಅಂಗೈ ಅಡ್ಡ ಹಿಡಿದು, “ನಾಲ್ಕು ಬೆರಳು” ಎಂದರು. ಅವರ ಕೈಯನ್ನು ಹಿಡಿದು ಸ್ಕೇಲಿನಿಂದ ಅಳೆದೆ. ನಾಲ್ಕು ಬೆರಳಿನ ಅಗಲ ಏಳೂವರೆ ಸೆಂ.ಮೀ. ಇತ್ತು. ಏರಿಯ ಮೇಲೆ ಅಲ್ಲೇ ಕುಳಿತುಬಿಟ್ಟೆ.

ಈಗ ನನ್ನ ತೊಡಕು. ವರದಿಯ ಕೊನೆಯಲ್ಲಿ ಆಕರ ಗ್ರಂಥಗಳ ಪಟ್ಟಿ ಕೊಡಬೇಕು. ‘ಇದಕ್ಕೆ ಆಧಾರ ಯಾವುದು?’ ಎಂಬ ಪ್ರಶ್ನೆಗೆ ನಾನು ಅಜ್ಜನ ಹೆಸರು ಬರೆದಿದ್ದೆ. ಕಾಲೇಜಿನಲ್ಲಿ ಅದನ್ನು ತೆಗೆದು, ಕೃತಜ್ಞತೆಯ ಪುಟದಲ್ಲಿ ‘ಊರಿನ ಹಿರಿಯರಿಗೆ’ ಎಂದು ಒಂದು ಸಾಲು ಸೇರಿಸಲು ಹೇಳಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಊರಿನವರಿಂದ, ಬಯಲಿನಲ್ಲಿ ಕಲಿತವರಿದ್ದರೆ ಅದನ್ನು ಹೇಗೆ ಬರೆದಿರಿ?

ಮಳೆಲೆಕ್ಕ

ಮೂರು ಸಲ ಓದಿದೆ. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಹತ್ತೊಂಬತ್ತು ವರ್ಷಗಳಿಂದ ದ್ರವದ ಒತ್ತಡದ ಪಾಠ ಮಾಡುತ್ತಿದ್ದೇನೆ. ಪ್ಲಾಸ್ಟಿಕ್ ಬಾಟಲಿಗೆ ಮೂರು ತೂತು ಕೊರೆದು, ಕೆಳಗಿನ ತೂತಿನ ನೀರು ಹೆಚ್ಚು ವೇಗವಾಗಿ ಚಿಮ್ಮುತ್ತದೆ ಎಂದು ತೋರಿಸುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮರೆಯುತ್ತಾರೆ. ಶಾಲೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಕೆರೆಯಿದೆ. ಏರಿಯ ಬುಡ ಏಕೆ ಅಗಲ, ನೆತ್ತಿ ಏಕೆ ಕಿರಿದು ಎಂದು ಒಂದು ದಿನವೂ ಅವರನ್ನು ಅಲ್ಲಿ ನಿಲ್ಲಿಸಿ ಕೇಳಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿ ಇರಬೇಕು, ಬಡಗಿ, ತೋಟಗಾರ, ಕುಂಬಾರರಂಥ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕು ಎಂದಿದೆ. ಅದಕ್ಕೂ ಹದಿನೈದು ವರ್ಷ ಮೊದಲು, 2005ರ ಪಠ್ಯಕ್ರಮ ಚೌಕಟ್ಟು ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎಂದಿತ್ತು. ನಮ್ಮಲ್ಲಿ ತಿಂಗಳ ಮೂರನೆಯ ಶನಿವಾರ ಬ್ಯಾಗ್ ಇಲ್ಲದೆ ಬರುವ ‘ಸಂಭ್ರಮ ಶನಿವಾರ’ವೂ ಇದೆ. ಕಾಗದದ ಮೇಲೆ ಕೊರತೆಯಿಲ್ಲ. ಆ ದಿನಗಳಲ್ಲಿ ನಾವು ಮಾಡುವುದು ಚಿತ್ರ ಬರೆಸುವುದು, ರಸಪ್ರಶ್ನೆ ನಡೆಸುವುದು. ಏಕೆಂದರೆ ಅದು ಸುಲಭ, ಮತ್ತು ಮಕ್ಕಳನ್ನು ಗೇಟಿನಿಂದ ಆಚೆ ಕರೆದೊಯ್ಯಲು ಭಯ. ಕೆರೆ ಎಂದ ಕೂಡಲೇ ಪಾಲಕರು ಮುಳುಗುವ ಮಾತನ್ನೇ ಎತ್ತುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಸುರಕ್ಷತೆಯ ಬಗ್ಗೆ ಅಜ್ಜ ನಿಮಗೆ ಏನು ಹೇಳಿಕೊಟ್ಟರು?

ಏರಿದಾರಿ

ಸರ್, ಮೊದಲ ವಾರ ಅವರು ಕಲಿಸಿದ್ದು ಅದೊಂದನ್ನೇ. ಏರಿಯ ಒಳಮೈಯ ಕಲ್ಲುಕಟ್ಟಡದ ಮೇಲೆ ಒದ್ದೆಯಿದ್ದಾಗ ಕಾಲಿಡಬಾರದು, ಪಾಚಿ ಕಾಣಿಸುವುದಿಲ್ಲ. ನೀರು ಇಳಿದ ಜಾಗದಲ್ಲಿ ಮೇಲೆ ಬಿರುಕು ಬಿಟ್ಟ ಮಣ್ಣು ಗಟ್ಟಿಯಾಗಿ ಕಂಡರೂ ಕೆಳಗೆ ಕೆಸರಿರುತ್ತದೆ, ಕೋಲಿನಿಂದ ಕುಟ್ಟಿ ನೋಡದೆ ಹೆಜ್ಜೆ ಇಡಬಾರದು. ಎಲ್ಲಕ್ಕಿಂತ ಅಪಾಯ ಜೆಸಿಬಿಯಿಂದ ಮಣ್ಣು ತೆಗೆದ ಗುಂಡಿಗಳು. ಹಿಂದೆ ಕೆರೆಯ ಅಂಗಳ ತಟ್ಟೆಯಂತೆ ಇಳಿಜಾರಾಗಿತ್ತು, ಮಕ್ಕಳು ಸೊಂಟದವರೆಗೆ ಇಳಿದು ಹಿಂದೆ ಬರಬಹುದಿತ್ತು. ಈಗ ಸೊಂಟದ ನೀರಿನ ಪಕ್ಕದಲ್ಲೇ ಎರಡಾಳು ಗುಂಡಿ ಇರುತ್ತದೆ. ನೀರು ತುಂಬಿದ ಮೇಲೆ ಯಾರಿಗೂ ಕಾಣಿಸುವುದಿಲ್ಲ. ಬೇಸಿಗೆಯಲ್ಲಿ ಗುಂಡಿಗಳ ಜಾಗ ನೋಡಿ ನೆನಪಿಟ್ಟುಕೊಂಡವರನ್ನು ಬಿಟ್ಟು ಬೇರೆ ಯಾರ ಜೊತೆಗೂ ನೀರಿಗಿಳಿಯಬೇಡ ಎಂದಿದ್ದಾರೆ. ನಾನು ಇವತ್ತಿಗೂ ತೂಬಿನ ಕಂಬದವರೆಗೆ ಹೋಗಿಲ್ಲ. ಅಳತೆಯೆಲ್ಲ ಏರಿಯ ಹೊರಬದಿಯ ಕಾಲುವೆಯಲ್ಲೇ. ಹೈಸ್ಕೂಲಿನ ಮಕ್ಕಳಿಗೂ ಅಷ್ಟು ಸಾಕು.

ಹಳೇಅಚ್ಚುಕಟ್ಟು

ತಂಗಿ, ನಿನ್ನ ಲೆಕ್ಕದಲ್ಲಿ ಒಂದು ಕೊರತೆ ಇದೆ. ನೀನು ಅಳೆದದ್ದು ತೂಬಿನ ಹತ್ತಿರ. ಗದ್ದೆ ಮುಟ್ಟುವಷ್ಟರಲ್ಲಿ ಮಣ್ಣಿನ ಕಾಲುವೆ ಒಂದಿಷ್ಟು ಕುಡಿಯುತ್ತದೆ. ಕೊನೆಯ ಗದ್ದೆಗೆ ಅದೇ ಐದೂವರೆ ಗಳಿಗೆ ಕೊಟ್ಟರೆ ನಾಲ್ಕು ಬೆರಳು ನಿಲ್ಲುವುದಿಲ್ಲ. ನಮ್ಮ ಕಡೆ ಕೊನೆಯ ಗದ್ದೆಗಳಿಗೆ ಅರ್ಧ ಗಳಿಗೆ ಜಾಸ್ತಿ ಇತ್ತು, ಅದಕ್ಕೆ ಹೆಸರೇ ‘ಕಾಲುವೆ ಪಾಲು’. ನಿಮ್ಮ ಅಜ್ಜನನ್ನು ಕೇಳು, ಇದ್ದೇ ಇರುತ್ತದೆ.

ನನಗೆ ಅರವತ್ತೆಂಟು. ನಮ್ಮ ಊರು ಕೋಲಾರದ ಕಡೆ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಆಗಲಿ ಪಿನಾಕಿನಿ ಆಗಲಿ ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ಅದಕ್ಕೇ ಹಿಂದಿನವರು ಒಂದರ ಕೋಡಿಗೆ ಇನ್ನೊಂದು ಕೆರೆ ಕಟ್ಟಿ ಸರಪಣಿ ಮಾಡಿದ್ದು. ನಾನು ಹುಡುಗನಾಗಿದ್ದಾಗ ನಮ್ಮ ಊರಿನಲ್ಲಿ ನೀರಗಂಟಿ ಇದ್ದರು. ಕಣದಲ್ಲಿ ರಾಶಿ ಮಾಡಿದಾಗ ಮೊದಲ ಆಯ (ಕೆಲಸಕ್ಕೆ ಕೊಡುವ ಧಾನ್ಯದ ಪಾಲು) ಅವರಿಗೆ. 1980ರ ದಶಕದಲ್ಲಿ ನಾನೇ ನನ್ನ ಹೊಲದಲ್ಲಿ ಕೊಳವೆಬಾವಿ ಕೊರೆಸಿದೆ. ಮೋಟಾರು ಒತ್ತಿದರೆ ನೀರು, ಯಾರ ಸರದಿಯನ್ನೂ ಕಾಯಬೇಕಾಗಿಲ್ಲ. ಒಬ್ಬೊಬ್ಬರೇ ಕೊರೆಸಿದೆವು. ಆಯ ಕೊಡುವುದು ನಿಂತಿತು. ರಾಜಕಾಲುವೆಯ ಹೂಳು ಬಳಿಯುವುದು ನಿಂತಿತು. ಕೆರೆ ಬತ್ತಿದ ಮೇಲೆ ಕೊಳವೆಬಾವಿಯೂ ಬತ್ತಿತು. ನನ್ನ ಹೊಲದಲ್ಲಿ ಈಗ ನಾಲ್ಕು ಒಣ ಬಾವಿಗಳಿವೆ. ನೀರಗಂಟಿಯವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಅವರ ಕೆಲಸವನ್ನು ನಾವು ಬೇಡವಾಗಿಸಿದೆವು. ಇದನ್ನು ಬರೆಯುವಾಗ ಮನಸ್ಸಿಗೆ ಭಾರವಾಗುತ್ತದೆ. ಬೇರೆಯವರು ತಿಳಿಯಲಿ ಎಂದು ಬರೆದಿದ್ದೇನೆ.

ಶಾಸನದಾರಿ

ಆಧಾರ ಯಾವುದು ಎಂದು ಕೇಳಿದವರಿಗೆ ತೋರಿಸಲು ಒಂದಿಷ್ಟು ಕಲ್ಲಿನ ಆಧಾರಗಳನ್ನು ಕೊಡುತ್ತೇನೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ನಾಲ್ಕನೇ ಶತಮಾನದ ಶಾಸನವಿದೆ, ವಿಷಯ ಕೆರೆಯೇ. ಐದನೇ ಶತಮಾನದ ತಾಳಗುಂದದ ಸ್ತಂಭಶಾಸನ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ಹೇಳುತ್ತದೆ. ನಮ್ಮ ನೆಲದ ಅತಿ ಹಳೆಯ ಬರಹಗಳಲ್ಲೇ ಕೆರೆ ಸೇರಿಕೊಂಡಿದೆ.

ಆದರೆ ನಿಮಗೆ ಹೆಚ್ಚು ಉಪಯೋಗವಾಗುವುದು ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ. ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದರಲ್ಲಿ ಪಟ್ಟಿ ಮಾಡಿದ್ದಾರೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ, ಸವಳು ನೆಲ ಇನ್ನೊಂದು, ಕೆರೆಯ ನಡುವೆ ದಿಣ್ಣೆಯಿರುವುದು ಮತ್ತೊಂದು. ನೀರು ಕಡಿಮೆಯಾಗಿ ನೆಲ ಹೆಚ್ಚಿರುವುದೂ ದೋಷ, ನೆಲ ಕಡಿಮೆಯಾಗಿ ನೀರು ಹೆಚ್ಚಿರುವುದೂ ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವೇ, ಜಗಳ ಖಚಿತ ಎಂಬ ಕಾರಣಕ್ಕೆ ಇರಬೇಕು. ಅಂಗಗಳ ಸಾಲಿನಲ್ಲಿ ಧರ್ಮವಂತ ರಾಜನ ನಂತರ ಬರುವುದು ಜಲಶಾಸ್ತ್ರ ಬಲ್ಲ ಪಂಡಿತ. ದಿನಕ್ಕೆ ಸಾವಿರ ಕೆಲಸಗಾರರು, ನೂರು ಗಾಡಿಗಳು ಎರಡು ವರ್ಷ ದುಡಿದ ಲೆಕ್ಕವೂ ಇದೆ.

ಈ ಆರು ದೋಷಗಳನ್ನು ಇಟ್ಟುಕೊಂಡು ಅಜ್ಜನೊಂದಿಗೆ ನಿಮ್ಮ ಕೆರೆಯನ್ನು ಒಮ್ಮೆ ಸುತ್ತಿ ಬನ್ನಿ. ಒಳ್ಳೆಯ ಅಧ್ಯಾಯವಾಗುತ್ತದೆ.

ನೀರಗಂಟಿಮನೆ

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ಇವತ್ತು ಬರೆಯಬೇಕೆನಿಸಿತು.

ನನ್ನ ತಾತ ನೀರಗಂಟಿ, ಅವರ ತಂದೆಯೂ ನೀರಗಂಟಿ. ನಮ್ಮ ಕಡೆ ಈ ಕೆಲಸ ಹೆಚ್ಚಾಗಿ ದಲಿತ ಮನೆತನಗಳದ್ದು. ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲದವನಾದರೆ ಹಂಚುವಾಗ ತನ್ನ ಕಡೆಗೆ ನೀರು ತಿರುಗಿಸುವುದಿಲ್ಲ, ಅದಕ್ಕೇ ಭೂಮಿಯಿಲ್ಲದವರಿಗೆ ಕೊಟ್ಟರು ಎಂದು ಹೊಗಳಿ ಹೇಳುತ್ತಾರೆ. ಅದರಲ್ಲಿ ನಿಜವಿದೆ. ಇನ್ನೊಂದು ನಿಜವೂ ಇದೆ. ಮಳೆಯ ನಡುರಾತ್ರಿ ತೂಬಿಗೆ ಧುಮುಕುವ ಕೆಲಸವನ್ನು ಯಾರ ಜೀವಕ್ಕೆ ಬೆಲೆ ಕಡಿಮೆಯೆಂದುಕೊಂಡಿದ್ದರೋ ಅವರಿಗೆ ಕೊಟ್ಟರು. ಊರಿಗೆಲ್ಲ ಕೆರೆ ನೀರು ಹಂಚಿದ ನನ್ನ ತಾತ ಊರಿನ ಸೇದುವ ಬಾವಿಯನ್ನು ಮುಟ್ಟುವಂತಿರಲಿಲ್ಲ. ನಮ್ಮ ಅಜ್ಜಿ ಬಿಂದಿಗೆ ಇಟ್ಟುಕೊಂಡು, ಯಾರಾದರೂ ಸೇದಿ ಸುರಿಯಲಿ ಎಂದು ಕಾಯುತ್ತಿದ್ದರು.

1961ರ ಗ್ರಾಮ ಕಚೇರಿಗಳ ರದ್ದತಿ ಕಾನೂನು ತೋಟಿ, ತಳವಾರ, ನೀರಗಂಟಿಯಂಥ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ಅದು ಆಗಬೇಕಾಗಿದ್ದ ಕೆಲಸವೇ. ನಮ್ಮ ತಂದೆ ತೂಬಿನ ಕೆಲಸ ಕಲಿಯಲು ಒಪ್ಪದೆ ಬೆಂಗಳೂರಿಗೆ ಹೋಗಿ ಕಾರ್ಖಾನೆ ಸೇರಿದರು. ನಾನು ಓದಿದ್ದು ಅದರಿಂದಲೇ. ಈ ವಿದ್ಯೆ ಅಳಿಯುತ್ತಿದೆ ಎಂದು ಮರುಗುವವರು ನಮ್ಮ ತಂದೆ ಏಕೆ ಬೇಡವೆಂದರು ಎಂದೂ ಕೇಳಬೇಕು.

ಶಾಸನದಾರಿಯವರೇ, ನಿಮ್ಮ ಪಟ್ಟಿಯನ್ನು ಗಮನವಿಟ್ಟು ಓದಿದೆ. ರಾಜನ ಹೆಸರಿದೆ, ಪಂಡಿತನಿಗೆ ಎರಡನೆಯ ಸ್ಥಾನವಿದೆ, ಸಾವಿರ ಕೆಲಸಗಾರರಿಗೆ ಸಂಖ್ಯೆ ಇದೆ. ಆರೂವರೆ ಶತಮಾನದ ನಂತರ ಒಬ್ಬ ಹುಡುಗಿ ಕೆಲಸಗಾರನ ಹೆಸರನ್ನು ಬರೆದರೆ ‘ಊರಿನ ಹಿರಿಯರು’ ಎಂದು ತಿದ್ದಲು ಹೇಳುತ್ತಿದ್ದಾರೆ.

ಏರಿದಾರಿ, ಆ ಸಾಲನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಹಾಗೆಯೇ ಇನ್ನೆರಡು ಮಾತು. ಹೆಸರು ಹಾಕುವ ಮೊದಲು ಅವರನ್ನು ಕೇಳಿ. ನಿಮಗಾಗಿ ಎಷ್ಟು ದಿನ ಕೊಟ್ಟಿದ್ದಾರೋ ಅಷ್ಟು ದಿನದ ಕೂಲಿಯ ಮಾತನ್ನೂ ಆಡಿ. ಉಪನ್ಯಾಸಕ್ಕೆ ಬಂದವರಿಗೆ ಕಾಲೇಜು ಗೌರವಧನ ಕೊಡುತ್ತದೆ. ಅಜ್ಜನ ಎದುರು ನಿಂತು ಕಲಿತದ್ದು ಉಪನ್ಯಾಸವಲ್ಲದೆ ಮತ್ತೇನು?

ಹಳೇಅಚ್ಚುಕಟ್ಟು

ನೀರಗಂಟಿಮನೆಯವರು ಬರೆದದ್ದು ಸತ್ಯ. ನಾನು ‘ಮೊದಲ ಆಯ ಅವರಿಗೆ’ ಎಂದು ಹೆಮ್ಮೆಯಿಂದ ಬರೆದೆ. ಆ ಆಯವನ್ನು ನಮ್ಮ ಕಣದ ಹೊರಗೆ ನಿಲ್ಲಿಸಿ ಕೊಡುತ್ತಿದ್ದರು. ನಾನು ನೋಡಿದ್ದೇನೆ. ಬರೆಯದೆ ಬಿಟ್ಟಿದ್ದೆ.

ಪಾಠಪಟ್ಟಿ

ಎಲ್ಲರ ಭಾವನೆಯನ್ನೂ ಗೌರವಿಸುತ್ತೇನೆ. ಆದರೂ ಒಂದು ಮಾತು ಕೇಳಲೇಬೇಕು. ನಾನೂ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಯೋಜನಾ ವರದಿಗಳನ್ನು ತಿದ್ದುತ್ತೇನೆ. ‘ಊರಿನ ಹಿರಿಯರು ಹೇಳಿದರು’ ಎಂಬ ಒಂದೇ ಆಧಾರದ ಮೇಲೆ ಏನನ್ನು ಬೇಕಾದರೂ ಬರೆದುಕೊಂಡು ಬರುವ ವಿದ್ಯಾರ್ಥಿಗಳೂ ಇದ್ದಾರೆ. ಹಾವು ಹಾಲು ಕುಡಿಯುತ್ತದೆ ಎಂದೂ ಹಿರಿಯರೇ ಹೇಳಿರುತ್ತಾರೆ. ಅಜ್ಜ ಹೇಳಿದ್ದರಲ್ಲಿ ಯಾವುದಾದರೂ ನಿಮ್ಮ ಅಳತೆಗೆ ನಿಲ್ಲದೆ ಹೋಯಿತೇ? ಹೋಗಿದ್ದರೆ ಅದನ್ನೂ ಬರೆದಿದ್ದೀರಾ? ಎಲ್ಲವೂ ಸರಿಯಿತ್ತು ಎಂದರೆ ನನಗೆ ಸಂಶಯ ಬರುತ್ತದೆ.

ಏರಿದಾರಿ

ಸರ್, ನ್ಯಾಯವಾದ ಪ್ರಶ್ನೆ. ಒಂದು ನಿಲ್ಲಲಿಲ್ಲ. ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಯ ಬುಡದಿಂದ ಜಿನುಗುವ ನೀರು ಹೆಚ್ಚುತ್ತದೆ ಎಂದು ಅಜ್ಜ ಹೇಳಿದ್ದರು. ಜಿನುಗು ನೀರು ಕೂಡುವ ಗುಂಡಿಯಲ್ಲಿ ಗುರುತು ಹಾಕಿದ ಕಡ್ಡಿ ನೆಟ್ಟು, ಅದು ತುಂಬುವ ಸಮಯವನ್ನು ಮೂರು ಅಮಾವಾಸ್ಯೆ ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ಕೆರೆಯ ನೀರು ಇಳಿದಂತೆ ಜಿನುಗುವುದೂ ಇಳಿಯಿತು, ಅಷ್ಟೇ. ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪ ಹೇಳಿದ್ದು. ನಿನ್ನ ಕಡ್ಡಿ ಇನ್ನೊಂದು ವರ್ಷ ಅಲ್ಲೇ ಇರಲಿ, ನೋಡೋಣ” ಎಂದರು. ಮೂರನೆಯ ಅಧ್ಯಾಯದಲ್ಲಿ ಬರೆದಿದ್ದೇನೆ.

ಇನ್ನೊಂದನ್ನು ನಾನೇ ತಪ್ಪಾಗಿ ತಿಳಿದಿದ್ದೆ. ಹಸ್ತ ಮಳೆ ಎಂದರೆ ಚಂದ್ರನು ಹಸ್ತದಲ್ಲಿರುವ ದಿನದ ಮಳೆ ಎಂದುಕೊಂಡು, ಇದು ಮೂಢನಂಬಿಕೆ ಎಂದು ಟಿಪ್ಪಣಿ ಬರೆದಿದ್ದೆ. ಅಜ್ಜ ಬೆರಳು ಮಡಚಿ ಲೆಕ್ಕ ಹೇಳಿದ ಮೇಲೆ ಗೊತ್ತಾಯಿತು, ಅದು ಸೂರ್ಯನ ಲೆಕ್ಕ. ಸೂರ್ಯನು ಒಂದು ನಕ್ಷತ್ರವನ್ನು ದಾಟಲು ಹದಿಮೂರು ಹದಿನಾಲ್ಕು ದಿನ ಹಿಡಿಯುತ್ತದೆ. ವರ್ಷವನ್ನು ಇಪ್ಪತ್ತೇಳು ಪಾಲು ಮಾಡಿದ ಪಂಚಾಂಗ ಅದು. ಹಸ್ತ ಎಂದರೆ ಸೆಪ್ಟೆಂಬರ್ ಕೊನೆಯಿಂದ ಹತ್ತನೇ ಅಕ್ಟೋಬರಿನವರೆಗೆ. ನಮ್ಮ ಕಡೆ ಕೆರೆ ತುಂಬಿಸುವ ದೊಡ್ಡ ಮಳೆಗಳು ಬೀಳುವುದೇ ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ಪ್ರಶ್ನೆ ಕೇಳದೆ ತೀರ್ಪು ಬರೆದದ್ದಕ್ಕೆ ನಾಚಿಕೆಯಾಯಿತು. ಆ ಟಿಪ್ಪಣಿಯನ್ನು ಹರಿದು ಹಾಕಲಿಲ್ಲ, ಅನುಬಂಧದಲ್ಲಿ ಹಾಗೆಯೇ ಇಟ್ಟಿದ್ದೇನೆ.

ಪಾಠಪಟ್ಟಿ

ಹಾಗಾದರೆ ನನ್ನ ಆಕ್ಷೇಪ ಇಲ್ಲ. ಒಂದು ಸಲಹೆ ಕೊಡುತ್ತೇನೆ. ಆಕರಗಳ ಪುಟದಲ್ಲಿ ‘ನೇರ ಸಂವಾದ’ ಎಂಬ ಉಪಶೀರ್ಷಿಕೆ ಮಾಡಿ. ಅಜ್ಜನ ಹೆಸರು, ಅವರು ಎಷ್ಟು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದಾರೆ, ಮಾತುಕತೆ ನಡೆದ ದಿನಾಂಕ, ಸ್ಥಳ ಬರೆಯಿರಿ. ಸಂಶೋಧನಾ ಬರಹದಲ್ಲಿ ಇದು ಒಪ್ಪಿತವಾದ ಕ್ರಮವೇ. ವರದಿಯ ಒಳಗೆ ಅವರ ಮಾತು ಬಂದ ಕಡೆಯಲ್ಲೆಲ್ಲ ಆ ದಿನಾಂಕವನ್ನು ಸೂಚಿಸಿ. ಯಾರೂ ತೆಗೆಯಲು ಹೇಳಲಾರರು.

ಹುಣಸೆಮರ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹತ್ತಿರದವಳು ನಾನು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ, ಅತ್ತಿ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನ ಹೆಂಗಸರು ಅವನ್ನು ಕರೆಯುವುದು. ಮರದಡಿಯ ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ನಾನು ಶಾಲೆಯಲ್ಲಿದ್ದಾಗ ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಯೊಂದನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಅಜ್ಜಿಗೆ ಕೊಟ್ಟಿದ್ದೆ. ಅದರ ಕೊಕ್ಕಿನ ಕೆಳಗಿನ ಚೀಲವನ್ನು ಬೆರಳಿನಿಂದ ಮೆಲ್ಲಗೆ ಹಿಗ್ಗಿಸಿ ಮೀನು ಹೇಗೆ ಇಳಿಯುತ್ತದೆ ಎಂದು ತೋರಿಸಿದರು. ಈಗ ನಾನು ಪ್ರಾಣಿಶಾಸ್ತ್ರ ಸ್ನಾತಕೋತ್ತರ ಪದವಿಯಲ್ಲಿದ್ದೇನೆ. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ನಿನಗೆ ಇನ್ನೂ ಸಮಯವಿದೆ, ಬರೆ.

ಮಳೆಲೆಕ್ಕ

ಈ ಚರ್ಚೆ ಓದಿ ಮುಖ್ಯೋಪಾಧ್ಯಾಯರ ಜೊತೆ ಕುಳಿತೆ. ಬರುವ ಮೂರನೆಯ ಶನಿವಾರ ಎಂಟನೇ ತರಗತಿಯ ಇಪ್ಪತ್ತಾರು ಮಕ್ಕಳನ್ನು, ಪಾಲಕರಲ್ಲಿ ಆರು ಜನರನ್ನು ಜೊತೆಗಿಟ್ಟುಕೊಂಡು ಕೆರೆಯ ಕೆಳಗಿನ ಕಾಲುವೆಗೆ ಕರೆದೊಯ್ಯಲು ಒಪ್ಪಿಗೆ ಸಿಕ್ಕಿದೆ. ಏರಿ ಹತ್ತುವುದಿಲ್ಲ. ತೇಲಿಬಿಡಲು ಹೊಂಗೆ ಕಾಯಿ, ಅಳೆಯಲು ಟೇಪು. ನಮ್ಮಲ್ಲಿ ನೀರಗಂಟಿ ಇಲ್ಲ. ಆದರೆ ಹಿಂದೆ ಆ ಕೆಲಸ ಮಾಡುತ್ತಿದ್ದವರ ಮಗಳು ಊರಿನಲ್ಲೇ ಇದ್ದಾರೆ, ಕೆರೆಯಂಗಳದಲ್ಲಿ ಹೊನಗೊನ್ನೆ, ಅಣ್ಣೆ ಸೊಪ್ಪು ಬಿಡಿಸಿ ಮಾರುತ್ತಾರೆ. ಯಾವ ಜಾಗದಲ್ಲಿ ಎಷ್ಟು ದಿನ ತೇವ ಉಳಿಯುತ್ತದೆ ಎಂದು ಹೊನಗೊನ್ನೆ ನೋಡಿಯೇ ಹೇಳುತ್ತಾರಂತೆ. ಅವರನ್ನು ಕೇಳಿದೆ. “ನನಗೇನು ಗೊತ್ತು, ನಾನು ಓದಿದವಳಲ್ಲ” ಎಂದರು. ಎರಡನೆಯ ಸಲ ಹೋಗಿ ಕೇಳಿದಾಗ ಬರಲು ಒಪ್ಪಿದರು. ಅರ್ಧ ದಿನದ ಸೊಪ್ಪಿನ ವ್ಯಾಪಾರ ತಪ್ಪುತ್ತದೆ, ಅದಕ್ಕೆ ಶಿಕ್ಷಕರೆಲ್ಲ ಸೇರಿ ಹಣ ಕೂಡಿಸಿದ್ದೇವೆ.

ಏರಿದಾರಿ

ಎಲ್ಲರಿಗೂ ತಿಳಿಸಬೇಕಾದ ಕೆಲವು ಸಂಗತಿಗಳಿವೆ.

ಹಳೇಅಚ್ಚುಕಟ್ಟು ಅವರೇ, ಕೇಳಿದೆ. ನಮ್ಮಲ್ಲೂ ಇದೆ. ಕೊನೆಯ ಏಳು ಗದ್ದೆಗಳಿಗೆ ಮುಕ್ಕಾಲು ಗಳಿಗೆ ಹೆಚ್ಚು. “ನೀನು ಕೇಳಲಿಲ್ಲ, ನಾನು ಹೇಳಲಿಲ್ಲ” ಎಂದರು ಅಜ್ಜ. ಕೊನೆಯ ಗದ್ದೆಯ ಬಾಯಿಯಲ್ಲಿ ಮತ್ತೆ ಅಳೆದೆ. ತೂಬಿನ ಬಳಿ ಸೆಕೆಂಡಿಗೆ 39 ಲೀಟರ್ ಇದ್ದದ್ದು ಅಲ್ಲಿ 34ಕ್ಕೆ ಇಳಿದಿತ್ತು. ಆರೂಕಾಲು ಗಳಿಗೆಯಿಂದ ಗುಣಿಸಿದರೆ 3.06 ಲಕ್ಷ ಲೀಟರ್.

ಹೆಸರಿನ ಬಗ್ಗೆ ಅವರನ್ನು ಕೇಳಿದೆ. ತುಂಬಾ ಹೊತ್ತು ಉತ್ತರ ಬರಲಿಲ್ಲ. ಆಮೇಲೆ, ತಮ್ಮ ಹೆಸರಿನ ಜೊತೆಗೆ ತಮ್ಮ ತಂದೆಯ ಹೆಸರನ್ನೂ ಬರೆಯಲು ಹೇಳಿದರು, ಕಲಿಸಿದ್ದು ಅವರಂತೆ. ದುಡ್ಡು ಬೇಡ ಎಂದರು. ನೀರಗಂಟಿಮನೆಯವರ ಮಾತನ್ನು ಓದಿ ಹೇಳಿದೆ. ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಅಕ್ಷರಗಳನ್ನು ನೋಡುತ್ತಾ ಕುಳಿತರು. ಅವರಿಗೆ ಓದಲು ಬರುವುದಿಲ್ಲ. ಬಿಂದಿಗೆಯ ವಿಷಯವನ್ನು ಇನ್ನೊಮ್ಮೆ ಓದಿಸಿದರು. ಕೂಲಿಯನ್ನು ಆಮೇಲೆ ತೆಗೆದುಕೊಂಡರು.

ಕಾಲೇಜಿನಲ್ಲಿ ‘ನೇರ ಸಂವಾದ’ ಒಪ್ಪಿದ್ದಾರೆ. ಮೊದಲ ಪುಟದಲ್ಲಿ ಮಾರ್ಗದರ್ಶಕರ ಹೆಸರಿನ ಕೆಳಗೆ ಅಜ್ಜನ ಹೆಸರು ಇರಬೇಕೆಂದು ಕೇಳಿದ್ದನ್ನು ಒಪ್ಪಲಿಲ್ಲ. ಅದಕ್ಕೆ ನಮೂನೆಯಲ್ಲಿ ಜಾಗವಿಲ್ಲವಂತೆ. ಎರಡನೆಯ ಪುಟವನ್ನು ಖಾಲಿ ಬಿಡುವ ಪದ್ಧತಿ ಇದೆ. ಅಲ್ಲಿ ಇಬ್ಬರ ಹೆಸರನ್ನೂ ಬರೆದಿದ್ದೇನೆ, ಕೈಬರಹದಲ್ಲಿ.

ಆರು ದೋಷಗಳ ಸುತ್ತು ಇನ್ನೂ ಆಗಿಲ್ಲ. ಭಾನುವಾರ ಹೋಗುತ್ತೇವೆ. ಅಜ್ಜನ ಮೊಮ್ಮಗಳು ಎಂಟನೇ ತರಗತಿಯಲ್ಲಿದ್ದಾಳೆ, ಹೊಂಗೆ ಕಾಯಿಯ ಸಮಯ ನೋಡುವುದು ಈಗ ಅವಳ ಕೆಲಸ. ನೀರು ತೂಬಿನ ಬಾಯಿಯ ಮೇಲೆ ಒಂದು ಗೇಣು ಮಾತ್ರ ಉಳಿದಿದೆ. ನಿನ್ನೆ ಸಂಜೆ ಬಿರಡೆ ಇಳಿಸಿದರು. ಉಳಿದದ್ದು ದನಕರುಗಳಿಗೆ, ಹಕ್ಕಿಗಳಿಗೆ. ಹಸ್ತ ಮಳೆಯವರೆಗೆ ಚಿಲಕವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅವಳ ಕೈಗೆ ಕೊಟ್ಟಿದ್ದಾರೆ.